ಕುಮಟಾದ ಅಂಗಳದಲ್ಲಿ ಮೀನು, ಟೊಮೆಟೊ ಮತ್ತು ಹನ್ನೆರಡು ಬಾಂಡ್ಲಿ ಗರಸು

ಇದು ನನ್ನ ಅಕ್ಕ-ಭಾವನ ಮನೆಯಲ್ಲಿ ನಡೆದದ್ದು. ಮನೆ ಕುಮಟಾ ಪೇಟೆಯಿಂದ ಸ್ವಲ್ಪ ದೂರ, ಅಘನಾಶಿನಿ ಹೊಳೆಯ ಕಡೆಗೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಮಾಸ್ತರ. ಇದನ್ನು ಬರೆಯಲು ಭಾವ ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ಮಾಸ್ತರನ ತಪ್ಪನ್ನೂ ಬರೆಯಬೇಕು. ಬರೆದಿದ್ದೇನೆ.

ಯಾಕೆ ಶುರುವಾಯಿತು

2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿತ್ತಲ್ಲ, ಆಗ. ನಮ್ಮ ಕಡೆ ಟೊಮೆಟೊ ಬರುವುದು ಘಟ್ಟದ ಮೇಲಿನಿಂದ. ಮಳೆಗಾಲದಲ್ಲಿ ಪೇಟೆಗೆ ಬಂದು ಮುಟ್ಟುವಷ್ಟರಲ್ಲಿ ಅರ್ಧ ಹಣ್ಣು ಮೆತ್ತಗಾಗಿರುತ್ತದೆ. "ದುಡ್ಡೂ ಕೊಟ್ಟು ಕೊಳೆತದ್ದನ್ನೂ ತರಬೇಕಾ?" ಎಂದು ಭಾವ ಒಂದು ದಿನ ಚೀಲ ಬಿಸಾಡಿದರು.

ಮಣ್ಣಿನಲ್ಲೇ ಬೆಳೆಯಬಹುದಿತ್ತಲ್ಲ ಅನ್ನಬಹುದು. ಎರಡು ಸಲ ಬೆಳೆದು ಸೋತಾಗಿತ್ತು. ಬೆಳಿಗ್ಗೆ ನಳನಳಿಸುತ್ತಿದ್ದ ಗಿಡ ಎರಡೇ ದಿನದಲ್ಲಿ, ಎಲೆ ಹಳದಿ ಕೂಡ ಆಗದೆ, ಹಸಿರಾಗಿಯೇ ಜೋತುಬೀಳುತ್ತಿತ್ತು. ಅಂಥ ಗಿಡದ ಬುಡದ ಕಾಂಡ ಕತ್ತರಿಸಿ, ಗಾಜಿನ ಲೋಟದ ನೀರಿಗೆ ತುದಿ ತಾಗುವಂತೆ ಹಿಡಿದು ನೋಡಿ. ಸ್ವಲ್ಪ ಹೊತ್ತಿಗೆ ಹಾಲಿನ ಎಳೆಯಂಥದ್ದು ಕೆಳಗೆ ಇಳಿಯುತ್ತದೆ. ಅದು ದುಂಡಾಣು ಸೊರಗು ರೋಗ. ಕರಾವಳಿಯ ಹುಳಿ ಮಣ್ಣು, ಸೆಕೆ, ತೇವ ಮೂರೂ ಅದಕ್ಕೆ ಇಷ್ಟ. ಒಮ್ಮೆ ಮಣ್ಣಿಗೆ ಸೇರಿದರೆ ವರ್ಷಗಟ್ಟಲೆ ಉಳಿಯುತ್ತದೆ.

ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ ಈ ರೋಗವನ್ನೂ, ಎಲೆ ಮುದುಡುವ ನಂಜನ್ನೂ, ಅಂಗಮಾರಿಯನ್ನೂ ತಡೆದುಕೊಳ್ಳುತ್ತದೆ. ನನ್ನನ್ನು ಕೇಳಿದ್ದರೆ, ಆ ಬೀಜ ತಂದು ತೆಂಗಿನ ನಾರಿನ ಪುಡಿ ತುಂಬಿದ ಚೀಲದಲ್ಲಿ ಬೆಳೆಸಿ ಅನ್ನುತ್ತಿದ್ದೆ. ಕೇಳಲಿಲ್ಲ. ಭಾವ ಆಗಲೇ ಫೋನಿನಲ್ಲಿ ಅಕ್ವಾಪೋನಿಕ್ಸ್, ಅಂದರೆ ಮೀನು ಸಾಕಿದ ನೀರಿನಲ್ಲೇ ಮಣ್ಣಿಲ್ಲದೆ ಗಿಡ ಬೆಳೆಸುವುದರ ವಿಡಿಯೊ ನೋಡಿ ಮುಗಿಸಿದ್ದರು. ಬೀಜ ಮಾತ್ರ ಅದನ್ನೇ ತಂದರು.

ಕಟ್ಟಿದ್ದು

ಚೌತಿ ಮುಗಿದ ಮೇಲೆ ಕೆಲಸ ಶುರು. 500 ಲೀಟರಿನ ಹಳೆಯ ಸಿಂಟೆಕ್ಸ್ ಟ್ಯಾಂಕು ಮೀನಿಗೆ. ಅದರಲ್ಲಿ 400 ಲೀಟರ್ ಬಾವಿ ನೀರು. 200 ಲೀಟರಿನ ಒಂದು ನೀಲಿ ಡ್ರಮ್ಮನ್ನು ಉದ್ದಕ್ಕೆ ಸೀಳಿ ಎರಡು ದೋಣಿ ಮಾಡಿದರು. ಗಿಡ ಇರುವುದು ಆ ದೋಣಿಗಳಲ್ಲಿ. ಕೆಳಗಿನಿಂದ 18 ವ್ಯಾಟಿನ ಪಂಪು ನೀರನ್ನು ದೋಣಿಗೆ ಎತ್ತುತ್ತದೆ. ಟೈಮರ್ ಇಟ್ಟು 15 ನಿಮಿಷ ಓಡಿಸಿ 30 ನಿಮಿಷ ನಿಲ್ಲಿಸುತ್ತಾರೆ. ನಿಂತಾಗ ನೀರು ಮತ್ತೆ ಟ್ಯಾಂಕಿಗೆ ಇಳಿದು, ಬೇರಿಗೆ ಗಾಳಿ ಸಿಗುತ್ತದೆ. ಗುಳುಗುಳು ಅಂತ ತಾನೇ ಖಾಲಿಯಾಗುವ ಬೆಲ್ ಸೈಫನ್ ಮಾಡಲು ಭಾವ ಎರಡು ದಿನ ಒದ್ದಾಡಿದ್ದರು. ಅದು ಒಮ್ಮೆ ಹರಿಯಲು ಶುರುವಾದರೆ ನಿಲ್ಲುತ್ತಿರಲಿಲ್ಲ, ನಿಂತರೆ ಹರಿಯುತ್ತಿರಲಿಲ್ಲ. ಟೈಮರೇ ವಾಸಿ. ಇದರ ಜೊತೆಗೆ ಹಗಲೂ ರಾತ್ರಿ ಗುಳ್ಳೆ ಬಿಡುವ 5 ವ್ಯಾಟಿನ ಗಾಳಿ ಪಂಪು. ಎರಡೂ ಸೇರಿ ತಿಂಗಳಿಗೆ ಎಂಟು ಯೂನಿಟ್ ಕರೆಂಟು, ಅಷ್ಟೇ.

ಮೀನು ಯಾವುದು ಅನ್ನುವುದೇ ದೊಡ್ಡ ಚರ್ಚೆಯಾಯಿತು. ವಿಡಿಯೊಗಳಲ್ಲಿ ಎಲ್ಲರೂ ಸಾಕುವುದು ತಿಲಾಪಿಯಾ. ಆದರೆ ನಮ್ಮ ದೇಶದಲ್ಲಿ ಅದನ್ನು ಸಾಕಲು ಅನುಮತಿ ಬೇಕು. ತಪ್ಪಿಸಿಕೊಂಡು ಹೊಳೆ ಸೇರಿದರೆ ಊರಿನ ಮೀನುಗಳಿಗೆ ಜಾಗವಿಲ್ಲದಂತೆ ಹಬ್ಬುತ್ತದೆ. ಮೇಲಾಗಿ ಅಕ್ಕನ ಮನೆಯಲ್ಲಿ ಮೀನು ತಿನ್ನುವವರೇ ಇಲ್ಲ. ಹಾಗಾಗಿ ಬಣ್ಣದ ಕೋಯಿ ಮರಿಗಳು, 25. ಅದೂ ಸಾಮಾನ್ಯ ಗೆಂಡೆ ಮೀನಿನ ಜಾತಿಯೇ, ಗಟ್ಟಿ ಪಿಂಡ. ಭಾವನ ಆಯಿಗೆ ಮಾತ್ರ ಒಂದು ಸಂಶಯ ಉಳಿದಿತ್ತು. ಮೀನಿನ ನೀರಲ್ಲಿ ಬೆಳೆದದ್ದನ್ನು ದೇವರ ನೈವೇದ್ಯಕ್ಕೆ ಮಾಡಬಹುದಾ ಅಂತ. ಟೊಮೆಟೊ ಹೇಗೂ ನಮ್ಮಲ್ಲಿ ನೈವೇದ್ಯದ ಅಡುಗೆಗೆ ಬಳಸುವುದಿಲ್ಲವಲ್ಲ ಅಂತ ಅಕ್ಕ ಹೇಳಿದ ಮೇಲೆ ಸಮಾಧಾನವಾಯಿತು.

ಉಳಿದದ್ದು ದೋಣಿಗೆ ತುಂಬುವ ಕಲ್ಲು. ಮಣ್ಣಿನ ಸುಟ್ಟ ಗುಂಡುಗಳನ್ನು ಆನ್‌ಲೈನ್‌ನಲ್ಲಿ ತರಿಸಿದರೆ ಟ್ಯಾಂಕಿಗಿಂತ ದುಬಾರಿ. ಪಕ್ಕದ ಮನೆಯವರು ಅಂಗಳಕ್ಕೆ ಹಾಸಲು ತರಿಸಿದ್ದ ಗರಸು ರಾಶಿ ಬಿದ್ದಿತ್ತು. ಸಣ್ಣ ಕಲ್ಲು, ದಪ್ಪ ಮರಳು, ನಡುನಡುವೆ ಬಿಳಿ ಚೂರು. "ಬೇಕಾದಷ್ಟು ತಗೊಳ್ಳಿ" ಅಂದರು. ಭಾವ ಹನ್ನೆರಡು ಬಾಂಡ್ಲಿ ತಂದು, ತೊಳೆದು, ಎರಡೂ ದೋಣಿ ತುಂಬಿದರು. ಖರ್ಚು ಸೊನ್ನೆ. ಆ ದಿನ ಅವರು ಬಹಳ ಖುಷಿಯಲ್ಲಿದ್ದರು.

ಎರಡು ಅವಘಡ

ಮೊದಲನೆಯದು ಮೀನಿನದ್ದು. ಟ್ಯಾಂಕಿಗೆ ನೀರು ತುಂಬಿದ ಮರುದಿನವೇ ಮರಿಗಳನ್ನು ಬಿಟ್ಟಿದ್ದರು. ಮೂರನೇ ದಿನ ಅವು ಮೇಲೆ ಬಂದು ಬಾಯಿ ಬಡಿಯತೊಡಗಿದವು. ಹನ್ನೆರಡು ದಿನದಲ್ಲಿ ಒಂಬತ್ತು ಸತ್ತವು.

ಇಲ್ಲಿ ಸ್ವಲ್ಪ ಪಾಠ ಮಾಡಬೇಕು, ಸಹಿಸಿಕೊಳ್ಳಿ. ಮೀನು ತಿಂದ ಸಾರಜನಕದ ಬಹುಪಾಲು ಅಮೋನಿಯಾ ಆಗಿ ಕಿವಿರಿನಿಂದಲೇ ನೀರಿಗೆ ಬರುತ್ತದೆ. ಅದು ಮೀನಿಗೇ ವಿಷ. ಕಲ್ಲಿಗೆ ಅಂಟಿಕೊಂಡು ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ. ಇನ್ನೊಂದು ಬಗೆಯವು ಅದನ್ನು ನೈಟ್ರೇಟ್ ಮಾಡುತ್ತವೆ. ಗಿಡಕ್ಕೆ ಬೇಕಾದದ್ದು ಅದು, ಮೀನಿಗೂ ಅದರಿಂದ ತೊಂದರೆ ಕಡಿಮೆ. ಈ ಎರಡೂ ಬಗೆ ಕಲ್ಲಿನ ಮೇಲೆ ಬೇರೂರಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಮೀನು ಬಿಡದೆ, ಚಿಟಿಕೆ ಮೀನಿನ ಆಹಾರ ನೀರಿಗೆ ಹಾಕಿ ಕೊಳೆಯಲು ಬಿಡಬಹುದು. ಬಿಟ್ಟರೂ ನಾಲ್ಕೈದು ಮರಿ ಸಾಕು. ಇಪ್ಪತ್ತೈದು ಅಲ್ಲ.

ದೀಪಾವಳಿ ಹೊತ್ತಿಗೆ ಸಾವು ನಿಂತಿತು. ಹದಿನಾರು ಉಳಿದಿದ್ದವು. ದೋಣಿಗೆ ನಾಲ್ಕರಂತೆ ಎಂಟು ಟೊಮೆಟೊ ಸಸಿ ನೆಟ್ಟರು.

ಎರಡನೆಯದು ಗಿಡದ್ದು. ಡಿಸೆಂಬರ್ ಮೊದಲ ವಾರ ಭಾವ ವಾಟ್ಸಾಪಿನಲ್ಲಿ ಫೋಟೊ ಕಳಿಸಿದರು. ಎಲೆ ಹಳದಿ. ಫೋಟೊ ಅಲುಗಾಡಿತ್ತು. ನಾನು ಊಟ ಮಾಡುತ್ತಾ ನೋಡಿ, "ಸಾರಜನಕ ಸಾಲುತ್ತಿಲ್ಲ ಭಾವ, ಮೀನಿಗೆ ಆಹಾರ ಜಾಸ್ತಿ ಹಾಕಿ" ಎಂದು ಬರೆದೆ. ಇದೇ ಮಾಸ್ತರನ ತಪ್ಪು.

ಅವರು ಆಹಾರ ಜಾಸ್ತಿ ಹಾಕಿದರು. ಮೀನು ಮತ್ತೆ ಬಾಯಿ ಬಡಿಯಿತು. ಯಾರೋ ಎಪ್ಸಮ್ ಉಪ್ಪು ಹೇಳಿದರು, ಹಾಕಿದರು. ಗೊಬ್ಬರದ ಅಂಗಡಿಯಲ್ಲಿ ಕಬ್ಬಿಣ ಸಾಲದು ಅಂತ ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಕೊಟ್ಟರು. ಅದನ್ನೂ ನೀರಿಗೆ ಹಾಕಿದರು. ನೀರು ಒಂದು ತಾಸಿನಲ್ಲಿ ತುಕ್ಕಿನ ಬಣ್ಣಕ್ಕೆ ತಿರುಗಿ, ಮರುದಿನ ತಳದಲ್ಲಿ ಕೆಂಪು ಗಸಿ. ಎಲೆ ಹಾಗೇ ಹಳದಿ. ಅಂಗಡಿಯವರು ಹೇಳಿದ ರೋಗ ಸರಿಯಿತ್ತು, ಔಷಧ ನಾಟಲಿಲ್ಲ. ಯಾಕೆ ಅನ್ನುವುದು ಆಗ ಯಾರಿಗೂ ಹೊಳೆಯಲಿಲ್ಲ.

ಸಂಕ್ರಾಂತಿಯ ದಿನ

ಜನವರಿಯಲ್ಲಿ ನಾನು ಹೋದೆ. ಹುಬ್ಬಳ್ಳಿಯ ಅಕ್ವೇರಿಯಂ ಅಂಗಡಿಯಿಂದ ಹನಿ ಹಾಕಿ ಬಣ್ಣ ನೋಡುವ ಪರೀಕ್ಷೆಯ ಪೆಟ್ಟಿಗೆ ಒಯ್ದಿದ್ದೆ.

ಗಿಡ ನೋಡಿದ ಕೂಡಲೇ ನನ್ನ ಮುಖ ಕೆಂಪಾಯಿತು. ಸಾರಜನಕ ಕಡಿಮೆಯಾದರೆ ಮೊದಲು ಹಳದಿಯಾಗುವುದು ಕೆಳಗಿನ ಹಳೆಯ ಎಲೆ, ಅದೂ ಇಡೀ ಎಲೆ. ಗಿಡ ಹಳೆಯದರಿಂದ ಕಿತ್ತು ಹೊಸದಕ್ಕೆ ಕೊಡುತ್ತದೆ. ಇಲ್ಲಿ ಕೆಳಗಿನ ಎಲೆ ಚೆನ್ನಾಗಿತ್ತು. ತುದಿಯ ಎಳೆ ಎಲೆ ಹಳದಿ, ಆದರೆ ನರ ಮಾತ್ರ ಹಸಿರು, ಬಲೆ ಬಿಡಿಸಿದ ಹಾಗೆ. ಇದು ಕಬ್ಬಿಣದ ಕೊರತೆಯ ಗುರುತು. ಕಬ್ಬಿಣವನ್ನು ಗಿಡ ಹಳೆಯ ಎಲೆಯಿಂದ ಸಾಗಿಸಲಾರದು. ಒಂಬತ್ತನೇ ತರಗತಿಗೆ ನಾನೇ ಇದರ ಚಿತ್ರ ಬಿಡಿಸುತ್ತೇನೆ.

ನೀರಿನ ಲೆಕ್ಕ ಹೀಗಿತ್ತು. ಅಮೋನಿಯಾ 0.5 ಪಿಪಿಎಂ, ನೈಟ್ರೈಟ್ ಇಲ್ಲ, ನೈಟ್ರೇಟ್ 10. ಪಿಎಚ್, ಅಂದರೆ ನೀರಿನ ಹುಳಿಯ ಅಳತೆ (7ಕ್ಕಿಂತ ಕಡಿಮೆಯಾದರೆ ಹುಳಿ, ಜಾಸ್ತಿಯಾದರೆ ಕ್ಷಾರ), 8.2. ಮೀನು, ಬ್ಯಾಕ್ಟೀರಿಯಾ, ಗಿಡ ಮೂರೂ ಹೊಂದಿಕೊಂಡು ಹೋಗುವುದು 6.8ರಿಂದ 7ರ ಸುತ್ತ. 8ರ ಮೇಲೆ ಕಬ್ಬಿಣ ನೀರಿನಲ್ಲಿ ಕರಗಿ ನಿಲ್ಲುವುದೇ ಇಲ್ಲ, ತುಕ್ಕಾಗಿ ತಳ ಸೇರುತ್ತದೆ. ಅನ್ನಭೇದಿ ಕೆಂಪು ಗಸಿಯಾದದ್ದು ಹೀಗೆ.

ಬಾವಿ ನೀರಿನದೇ ದೋಷ ಅಂದುಕೊಂಡು ಕೊಡದಿಂದ ತೆಗೆದು ಅಳೆದೆ. 6.4. ನಮ್ಮ ಚಿರೆಕಲ್ಲಿನ ನೆಲದ ಬಾವಿ ನೀರು ಮೆದು, ಸ್ವಲ್ಪ ಹುಳಿಯ ಕಡೆಗೇ ಇರುತ್ತದೆ. ಅಂದರೆ ಒಳಗೆ ಹೋಗುವ ನೀರು 6.4, ಟ್ಯಾಂಕಿನಲ್ಲಿ 8.2. ಬ್ಯಾಕ್ಟೀರಿಯಾ ಕೆಲಸ ಮಾಡಿದಷ್ಟೂ ನೀರು ಹುಳಿಯಾಗಬೇಕು. ಇಲ್ಲಿ ತಿರುಗಾಮುರುಗಾ.

ನಾನು ಟ್ಯಾಂಕಿನ ಪ್ಲಾಸ್ಟಿಕ್ಕು, ಪೈಪಿನ ಗೋಂದು ಎಲ್ಲವನ್ನೂ ಅನುಮಾನಿಸುತ್ತಾ ಕೂತಿದ್ದೆ. ಆಯಿ ಜಗಲಿಯಲ್ಲಿ ಕವಳ ಹಾಕುತ್ತಿದ್ದರು. ಎಲೆಗೆ ಸುಣ್ಣ ಸವರುತ್ತಾ, ದೋಣಿಯ ಕಡೆ ನೋಡಿ ಕೇಳಿದರು: "ಆ ಬಿಳಿ ಚೂರು ಬಳಚಿನ ಚಿಪ್ಪಲ್ಲವೇನೋ? ನಮ್ಮ ಕಾಲದಲ್ಲಿ ಅದನ್ನೇ ಸುಟ್ಟು ಸುಣ್ಣ ಮಾಡ್ತಿದ್ದರು."

ನಾನು ಎದ್ದೆ. ಗೋಬಿ ಮಂಚೂರಿಗೆಂದು ತಂದಿಟ್ಟ ವಿನೆಗರ್ ಅಡುಗೆಮನೆಯಲ್ಲಿತ್ತು. ದೋಣಿಯಿಂದ ಒಂದು ಹಿಡಿ ಗರಸು ತೆಗೆದು, ಒಣಗಿಸಿ, ಬಟ್ಟಲಿನಲ್ಲಿಟ್ಟು ಮೇಲೆ ಹೊಯ್ದೆ. ಸೋಡಾ ಒಡೆದ ಹಾಗೆ ಬುಸ್ಸೆಂದು ನೊರೆ. ಅಂಗಳದ ಜಲ್ಲಿಕಲ್ಲು ಒಂದನ್ನು ತಂದು ಹೊಯ್ದೆ. ಏನೂ ಆಗಲಿಲ್ಲ.

ಅಘನಾಶಿನಿಯ ಅಳಿವೆ ಬಳಚು, ಚಿಪ್ಪಿನ ಜೀವಿಗಳಿಗೆ ಹೆಸರಾದದ್ದು. ಆ ಜನವರಿ ಮುಗಿಯುವಷ್ಟರಲ್ಲಿ ಅಳಿವೆಗೆ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಜೌಗು ಪ್ರದೇಶದ ಪಟ್ಟವೂ ಬಂತು. ಸತ್ತ ಚಿಪ್ಪುಗಳು ಅಲ್ಲಿ ಪದರ ಪದರವಾಗಿ ಹೂತಿವೆ. ಚಿಪ್ಪು ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಅದರ ಮೇಲೆ ಗಾಳಿಯಾಡುವ ನೀರು ಸದಾ ಹರಿಯುತ್ತಿದ್ದರೆ ಪಿಎಚ್ 8ರ ಮೇಲೆ ಹೋಗಿ ಅಲ್ಲೇ ಗಟ್ಟಿಯಾಗಿ ನಿಲ್ಲುತ್ತದೆ. ಹುಳಿ ಸೇರಿಸಿದರೆ ಇನ್ನಷ್ಟು ಚಿಪ್ಪು ಕರಗಿ ಮತ್ತೆ ಅಲ್ಲಿಗೇ ತರುತ್ತದೆ.

ಇದನ್ನು ನಾನು ಭಾವನಿಗೆ ಸರಿಯಾಗಿ ವಿವರಿಸಬೇಕಿತ್ತು. ಮರುದಿನ ಬೆಳಿಗ್ಗೆ ನಾನು ಏಳುವ ಮೊದಲೇ ಅವರು ಹತ್ತು ನಿಂಬೆಹಣ್ಣು ಹಿಂಡಿ ಟ್ಯಾಂಕಿಗೆ ಹಾಕಿದ್ದರು. ಪಿಎಚ್ ಸರ್ರನೆ ಇಳಿಯಿತು, ರಾತ್ರಿಗೆ ಮತ್ತೆ 8.1. ಈ ಏರಿಳಿತಕ್ಕೆ ಎರಡು ಮೀನು ಹೋದವು. ಹದಿನಾಲ್ಕು ಉಳಿದವು.

ಒಂದೇ ಕಲ್ಲು, ಎರಡು ಕೇಡು

ಆಗ ನನಗೆ ಅಕ್ಟೋಬರಿನ ಸಾವುಗಳೂ ಬೇರೆ ಥರ ಕಾಣತೊಡಗಿದವು. ನೀರಿನಲ್ಲಿ ಅಮೋನಿಯಾ ಎರಡು ರೂಪದಲ್ಲಿರುತ್ತದೆ. ಒಂದು ಅಷ್ಟು ಅಪಾಯವಿಲ್ಲದ್ದು, ಇನ್ನೊಂದು ಕಿವಿರನ್ನೇ ಸುಡುವಂಥದ್ದು. ಎಷ್ಟು ಪಾಲು ಯಾವುದು ಅಂತ ನಿರ್ಧರಿಸುವುದು ಪಿಎಚ್ ಮತ್ತು ಸೆಕೆ. 28 ಡಿಗ್ರಿ ನೀರಿನಲ್ಲಿ ಪಿಎಚ್ 7 ಇದ್ದರೆ ಕೆಟ್ಟ ರೂಪ ನೂರರಲ್ಲಿ ಒಂದು ಪಾಲೂ ಇಲ್ಲ. 8.2 ಇದ್ದರೆ ಹತ್ತರಲ್ಲಿ ಒಂದು ಪಾಲು. ಅಷ್ಟೇ ಮೀನು, ಅಷ್ಟೇ ಆಹಾರ, ವಿಷ ಮಾತ್ರ ಹತ್ತು ಪಟ್ಟಿಗಿಂತ ಜಾಸ್ತಿ. ಅವಸರದಲ್ಲಿ ಮೀನು ಬಿಟ್ಟದ್ದು ತಪ್ಪು ಹೌದು. ಆದರೆ ಬಾವಿ ನೀರಿನ ಪಿಎಚ್‌ನಲ್ಲೇ ಇದ್ದಿದ್ದರೆ ಒಂಬತ್ತು ಸಾಯುತ್ತಿರಲಿಲ್ಲ ಅಂತ ನನಗೆ ಅನ್ನಿಸುತ್ತದೆ.

ಇನ್ನೊಂದು ಕೊರತೆಯೂ ಇತ್ತು, ಅದು ಕಲ್ಲಿನದ್ದಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2014ರಲ್ಲಿ ಕೊಟ್ಟ ಲೆಕ್ಕದಂತೆ, ಹಣ್ಣು ಬಿಡುವ ತರಕಾರಿಗೆ ಒಂದು ಚದರ ಮೀಟರಿಗೆ ದಿನಕ್ಕೆ 50ರಿಂದ 80 ಗ್ರಾಂ ಮೀನಿನ ಆಹಾರ ಬೀಳಬೇಕು. ಎರಡು ದೋಣಿ ಸೇರಿ ಒಂದು ಚದರ ಮೀಟರಿಗೆ ತುಸು ಕಡಿಮೆ. ನಮ್ಮ ಮರಿಗಳು ತಲಾ 25 ಗ್ರಾಂ. ಎಲ್ಲ ಸೇರಿ ತಿನ್ನುತ್ತಿದ್ದದ್ದು ದಿನಕ್ಕೆ ಹತ್ತೋ ಹನ್ನೆರಡೋ ಗ್ರಾಂ. ಎಂಟು ಟೊಮೆಟೊ ಗಿಡಕ್ಕೆ ಅದು ಯಾವ ಮೂಲೆಗೆ? ಟೊಮೆಟೊ ಹೊಟ್ಟೆಬಾಕ. ಮೀನು ಸಣ್ಣದಿರುವಾಗ ಆ ದೋಣಿಗಳಿಗೆ ಹರಿವೆ, ಬಸಳೆ ಸರಿ. ವಿಡಿಯೊದವರು ಇದನ್ನು ಯಾಕೆ ಹೇಳುವುದಿಲ್ಲವೋ!

ಸರಿ ಮಾಡಿದ್ದು

ಗರಸನ್ನೆಲ್ಲ ಒಮ್ಮೆಲೇ ತೆಗೆದುಬಿಡೋಣ ಅಂದರು ಭಾವ. ಬೇಡ ಅಂದೆ. ಮೂರು ತಿಂಗಳಿಂದ ಬೆಳೆದ ಬ್ಯಾಕ್ಟೀರಿಯಾ ಇರುವುದು ಆ ಕಲ್ಲಿನ ಮೇಲೇ. ಪೂರ್ತಿ ತೆಗೆದರೆ ಮತ್ತೆ ಅಕ್ಟೋಬರ್.

ಹಾಗಾಗಿ ಒಂದು ದೋಣಿ ಮಾತ್ರ ಖಾಲಿ ಮಾಡಿದೆವು. ಅದರಲ್ಲಿದ್ದ ನಾಲ್ಕು ಗಿಡ ಕೀಳಲು ಭಾವನಿಗೆ ಮನಸ್ಸು ಬರಲಿಲ್ಲ. ಅವರು ಪೇಟೆಗೆ ಹೋದಾಗ ಅಕ್ಕ ಕಿತ್ತು ಹಾಕಿದಳು. ಚಿರೆಕಲ್ಲಿನ ಚೂರು ತುಂಬಬಹುದಾ ಎಂದು ಒಂದು ಬಕೆಟಿನಲ್ಲಿ ನೆನೆಹಾಕಿ ನೋಡಿದೆವು. ಮೂರೇ ದಿನಕ್ಕೆ ಕೆಂಪು ಕೆಸರು. ಕೊನೆಗೆ ಮುಕ್ಕಾಲು ಇಂಚಿನ ಕಪ್ಪು ಜಲ್ಲಿ, ವಿನೆಗರ್ ಪರೀಕ್ಷೆ ಮಾಡಿಯೇ, ತೊಳೆದು ತುಂಬಿದೆವು. ಮೂರು ವಾರ ಬಿಟ್ಟು, ಫೆಬ್ರವರಿಯಲ್ಲಿ, ಎರಡನೇ ದೋಣಿಯ ನಾಲ್ಕು ಗಿಡಗಳನ್ನು ಬೇರು ಕಡಿಯದ ಹಾಗೆ ಎತ್ತಿ ಮೊದಲ ದೋಣಿಗೆ ಸಾಗಿಸಿ, ಅದನ್ನೂ ಬದಲಿಸಿದೆವು. ಗಿಡ ಎರಡು ದಿನ ಬಾಡಿ ಎದ್ದವು. ಈ ಹೊತ್ತಿನಲ್ಲಿ ಮೀನಿಗೆ ಆಹಾರ ಅರ್ಧ.

ಪಿಎಚ್ ಇಳಿಯುವವರೆಗೆ ಎಲೆಗೆ ಏನು ಮಾಡುವುದು? ಪೆಟ್ಟಿಗೆಯಲ್ಲಿ ಉಳಿದಿದ್ದ ಅನ್ನಭೇದಿ ಕೆಲಸಕ್ಕೆ ಬಂತು. ಲೀಟರ್ ನೀರಿಗೆ 5 ಗ್ರಾಂ, ಜೊತೆಗೆ ಅರ್ಧ ನಿಂಬೆಯ ರಸ, ಸಂಜೆ ಹೊತ್ತು ಎಲೆಗೆ ಮಾತ್ರ ಸಿಂಪಡಣೆ. ಹನಿ ಕೆಳಗೆ ಬೀಳದಂತೆ ಜಲ್ಲಿಯ ಮೇಲೆ ಪ್ಲಾಸ್ಟಿಕ್ ಹಾಳೆ. ವಾರದೊಳಗೆ ಎಳೆ ಎಲೆಯಲ್ಲಿ ಹಸಿರು ಚುಕ್ಕೆ ಕಂಡವು. ಬೇರಿನಿಂದ ಹೋಗಲಾರದ್ದು ಎಲೆಯಿಂದ ಹೋಯಿತು.

ಫೆಬ್ರವರಿ ಕೊನೆಗೆ ಪಿಎಚ್ 7.1. ಆಗ ನೀರಿಗೇ ಕಬ್ಬಿಣ, ಆದರೆ ಈ ಸಲ ಡಿಟಿಪಿಎ ಚೀಲೇಟ್ ರೂಪದ್ದು. ಅದು ಪಿಎಚ್ 7.5ರವರೆಗೂ ಕಬ್ಬಿಣವನ್ನು ಬಿಡದೆ ಹಿಡಿದುಕೊಂಡಿರುತ್ತದೆ. ಲೀಟರಿಗೆ 2 ಮಿಲಿಗ್ರಾಂ ಕಬ್ಬಿಣ ಬೇಕು. 400 ಲೀಟರಿಗೆ 0.8 ಗ್ರಾಂ. ಪೊಟ್ಟಣದಲ್ಲಿ ಕಬ್ಬಿಣ ಇರುವುದು ಶೇ 11. ಹಾಗಾಗಿ 7 ಗ್ರಾಂ, ಮೂರು ವಾರಕ್ಕೊಮ್ಮೆ. ನೀರು ಚಹಾದ ಬಣ್ಣಕ್ಕೆ ಬರುತ್ತದೆ, ಹೆದರಬೇಕಿಲ್ಲ. ಕಾಯಿ ಕಚ್ಚಿದ ಮೇಲೆ ಹಳೆ ಎಲೆಯ ಅಂಚು ಸುಟ್ಟಂತಾಯಿತು. ಮೀನಿನ ಆಹಾರದಲ್ಲಿ ಪೊಟ್ಯಾಶ್ ಕಡಿಮೆ, ಟೊಮೆಟೊಗೆ ಅದು ಜಾಸ್ತಿ ಬೇಕು. ಪೊಟ್ಯಾಶಿಯಂ ಸಲ್ಫೇಟ್ ಲೀಟರಿಗೆ 5 ಗ್ರಾಂ ಎಲೆಗೆ ಸಿಂಪಡಿಸಿದೆವು. ಬಿಳಿ ನೊಣಕ್ಕೆ ಔಷಧ ಹೊಡೆಯುವ ಹಾಗಿಲ್ಲ, ಕೆಳಗೆ ಮೀನಿದೆ. ಹಳದಿ ಅಂಟು ಹಾಳೆ ನೇತುಹಾಕಿದ್ದಷ್ಟೇ.

ಫಲ ಎಷ್ಟು? ನಾಲ್ಕು ಗಿಡದಿಂದ ಆರು ಕಿಲೋ. ಅಷ್ಟು ಹೊತ್ತಿಗೆ ಒಂಬತ್ತು ಸಾವಿರದ ಮೇಲೆ ಖರ್ಚಾಗಿತ್ತು. ಭಾಗಾಕಾರ ಅಕ್ಕನ ಎದುರು ಮಾಡಬೇಡಿ. ಕಡಿಮೆ ಬಂದದ್ದಕ್ಕೆ ಕಾಲವೂ ಕಾರಣ. ಕರಾವಳಿಯಲ್ಲಿ ರಾತ್ರಿ ತಂಪಿರುವುದು ಡಿಸೆಂಬರಿನಿಂದ ಫೆಬ್ರವರಿ. ಏಪ್ರಿಲ್ ಹೊತ್ತಿಗೆ ರಾತ್ರಿಯೂ 25 ಡಿಗ್ರಿ, ಹೂವು ಬಿಡುತ್ತದೆ, ಕಾಯಿ ಕಚ್ಚದೆ ಉದುರುತ್ತದೆ. ನಮ್ಮ ಗಿಡ ಆ ತಂಪಿನ ಎರಡು ತಿಂಗಳನ್ನು ಹಳದಿ ಎಲೆ ಹೊತ್ತುಕೊಂಡು ಕಳೆದಿತ್ತು.

ಮರು ವರ್ಷ

2024ರ ಮಳೆಗಾಲದಲ್ಲಿ ಟೊಮೆಟೊ ಇಲ್ಲ. ದೋಣಿಗಳಲ್ಲಿ ಒಂದೆಲಗ ಮತ್ತು ಬಸಳೆ. ಕರೆಂಟು ಹೋದರೆ ಗಾಳಿ ಪಂಪಿಗೆ ಬ್ಯಾಟರಿ ಇಟ್ಟರು. ಮೀನು ತಲಾ ಕಾಲು ಕಿಲೋ ಹತ್ತಿರ ಬಂದಿದ್ದವು. ಅಕ್ಟೋಬರಿನಲ್ಲಿ ನಾಲ್ಕೇ ಸಸಿ ನೆಟ್ಟರು. ಡಿಸೆಂಬರಿಗೆ ಹೂವು. ಬೆಳಿಗ್ಗೆ ಹತ್ತರ ಹೊತ್ತಿಗೆ ಅಕ್ಕ ಹೂಗೊಂಚಲಿಗೆ ಬೆರಳಿನಿಂದ ತಟ್ಟುತ್ತಿದ್ದಳು, ಪರಾಗ ಉದುರಲೆಂದು.

ಎಲ್ಲ ಸರಿಯಿದೆ ಅನ್ನುವಾಗ ಮೊದಲ ಗೊಂಚಲಿನ ಕಾಯಿಗಳ ತಳ ಕಪ್ಪಾಗಿ ಚಪ್ಪಟೆಯಾಯಿತು. ಕ್ಯಾಲ್ಸಿಯಂ ಸಾಲದಿದ್ದರೆ ಹೀಗಾಗುತ್ತದೆ. ಪಿಎಚ್ ನೋಡಿದರೆ 6.1, ಅಮೋನಿಯಾ ನಿಧಾನ ಏರುತ್ತಿತ್ತು. ಮೆದು ನೀರು, ಜಡ ಜಲ್ಲಿ, ಮೇಲೆ ಬ್ಯಾಕ್ಟೀರಿಯಾ ದಿನಾ ಹುಟ್ಟಿಸುವ ಹುಳಿ. ತಡೆಯಲು ಏನೂ ಉಳಿದಿರಲಿಲ್ಲ. ಇನ್ನೂ ಇಳಿದರೆ ಬ್ಯಾಕ್ಟೀರಿಯಾ ಕೆಲಸವನ್ನೇ ನಿಲ್ಲಿಸುತ್ತವೆ.

"ಈಗೇನು ಹಾಕಬೇಕು ಮಾರಾಯ?" ಎಂದು ಭಾವ ಫೋನು ಮಾಡಿದರು. ನಾನು ಹೇಳಿದ್ದು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಬೈದರು. ಸಿಟ್ಟಿಳಿದ ಮೇಲೆ ಹಿತ್ತಲಲ್ಲಿ ರಾಶಿ ಹಾಕಿದ್ದ ಹಳೆ ಗರಸಿನಿಂದ ಚಿಪ್ಪು ಹೆಕ್ಕಿ, ಅಡುಗೆಮನೆಯ ತಕ್ಕಡಿಯಲ್ಲಿ 200 ಗ್ರಾಂ ತೂಗಿ, ಈರುಳ್ಳಿ ಚೀಲದಲ್ಲಿ ಕಟ್ಟಿ, ನೀರು ಬೀಳುವ ಪೈಪಿನ ಕೆಳಗೆ ನೇತುಹಾಕಿದರು. ಹತ್ತು ದಿನಕ್ಕೆ 6.8. ಪಿಎಚ್ 7 ದಾಟಿದರೆ ಚೀಲ ಎತ್ತುತ್ತಾರೆ, 6.5ಕ್ಕಿಂತ ಕೆಳಗಿಳಿದರೆ ಮತ್ತೆ ಇಳಿಬಿಡುತ್ತಾರೆ. ಎರಡನೇ ಗೊಂಚಲಿನಿಂದ ಕಾಯಿ ಚೊಕ್ಕ. ಮಾರ್ಚಿನವರೆಗೆ ಹನ್ನೊಂದು ಕಿಲೋ ಸಿಕ್ಕಿತು.

ಪಕ್ಕದ ಮನೆಯವರೂ ಈಗ ಒಂದು ಡ್ರಮ್ಮು ಸೀಳಿಸಿದ್ದಾರೆ. ಗರಸು ಅವರಲ್ಲಿ ಇನ್ನೂ ಒಂದು ಗಾಡಿಯಷ್ಟಿದೆ. ಭಾವ ವಿನೆಗರ್ ಬಾಟಲಿ ಹಿಡಿದುಕೊಂಡು ಹೋಗಿಬಂದರು.